ಮಾಲೂರಿನ ಹೆಂಚು, ಮುಳಬಾಗಿಲಿನ ಪೆಂಕು

ಮಾಲೂರಿನ ಒಂದು ಹೆಂಚಿನ ಕಾರ್ಖಾನೆಗೆ ನಾನು ಟೈಪಿಸ್ಟಾಗಿ ಸೇರಿದ್ದು ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ. ಮನೆ ಕೋಲಾರದಲ್ಲಿ. ಬೆಳಿಗ್ಗೆ ನರಸಾಪುರದ ಮೇಲೆ ಹೋಗುವ ಬಸ್ಸು ಹಿಡಿದರೆ ಸೈರನ್ ಕೂಗುವ ಹೊತ್ತಿಗೆ ಕಾರ್ಖಾನೆಯ ಗೇಟಿನಲ್ಲಿರುತ್ತಿದ್ದೆ. ಆಗ ಹೆಂಚಿನ ದಾಸ್ತಾನೆಲ್ಲ ಇದ್ದದ್ದು ಅಂಗಳದ ಗೋಡೆಗೆ ಹೊಡೆದ ಒಂದು ಕರಿಹಲಗೆಯ ಮೇಲೆ. ಭಟ್ಟಿಯಿಂದ ಹೆಂಚು ಇಳಿದಾಗ ಒಬ್ಬರು ಬರೆಯುವರು, ಲಾರಿ ತುಂಬಿದಾಗ ಇನ್ನೊಬ್ಬರು ಅಳಿಸುವರು. ಗಾಳಿಮಳೆ ಬಂದ ದಿನ ಎಲ್ಲರೂ ಸೇರಿ ಅಂಗಳದಲ್ಲಿ ಮತ್ತೆ ಎಣಿಸಬೇಕಾಗುತ್ತಿತ್ತು.

ಎಂಬತ್ತರ ದಶಕದ ನಡುವೆ ಕಾರ್ಖಾನೆಯ ಯಜಮಾನರು ಬೆಂಗಳೂರಿನಲ್ಲಿ ತಮ್ಮ ಸ್ನೇಹಿತರ ಆಫೀಸಿನಲ್ಲಿ ಕಂಪ್ಯೂಟರ್ ನೋಡಿ ಬಂದರು. ಬಂದವರೇ ತಮಗೂ ಒಂದು ಬೇಕೆಂದರು. ಟೈಪಿಂಗ್ ಬರುತ್ತದೆ ಎನ್ನುವ ಒಂದೇ ಕಾರಣಕ್ಕೆ ಅದನ್ನು ಕಲಿಯಲು ನನ್ನನ್ನು ಕಳಿಸಿದರು. ಕೆಲವು ತಿಂಗಳು ವಾರಕ್ಕೆ ಎರಡು ದಿನ ಬೆಂಗಳೂರಿಗೆ ಹೋಗಿ ಪ್ರೋಗ್ರಾಮ್ ಬರೆಯುವುದನ್ನು ಕಲಿತೆ. ಕಷ್ಟವಾಗುತ್ತದೆ ಎಂದುಕೊಂಡಿದ್ದೆ, ಆದರೆ ನನಗದು ರುಚಿಸಿತು. ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಸರಿಯಾದ ಸಾಲುಗಳಲ್ಲಿ ಬರೆದರೆ ಆ ಹಸಿರು ಅಕ್ಷರದ ಪರದೆ ಹಾಗೆಯೇ ಮಾಡಿ ತೋರಿಸುತ್ತಿತ್ತು. ಅಲ್ಲಿಯವರೆಗೆ ನಾನು ಬೇರೆಯವರು ಹೇಳಿದ್ದನ್ನಷ್ಟೇ ಬೆರಳಚ್ಚು ಮಾಡಿದ್ದವಳು.

ನನ್ನ ಮೊದಲ ಪ್ರೋಗ್ರಾಮಿಗೆ ಗೊತ್ತಿದ್ದದ್ದು ಒಂದೇ ಕೆಲಸ. ಯಾವ ಬಗೆಯ ಹೆಂಚು ಎಷ್ಟಿದೆ ಎಂದು ಹೇಳುವುದು. ಆಮೇಲೆ ಗೇಟಿನವರು ಲಾರಿ ನಂಬರ್ ಅದರಲ್ಲೇ ಬರಲಿ ಎಂದರು. ಭಟ್ಟಿಯ ಮೇಸ್ತ್ರಿ ಒಡೆದ ಹೆಂಚಿಗೂ ಒಂದು ಜಾಗ ಕೇಳಿದರು. ಯಜಮಾನರಿಗೆ ಯಾವ ಊರಿಗೆ ಎಷ್ಟು ಹೋಯಿತೆನ್ನುವುದು ಬೇಕಾಯಿತು. ಬಾಡಿಗೆಗೆ ಜನ ಬಂದ ಹಾಗೆಲ್ಲ ಹಿಂದೊಂದು ಮುಂದೊಂದು ಕೋಣೆ ಕಟ್ಟಿಕೊಂಡ ಮನೆಯಂತೆ ಅದು ಬೆಳೆಯಿತು. ಹೊಸಬರು ನೋಡಿದರೆ ಬಾಗಿಲೆಲ್ಲಿ ಎಂದು ಹುಡುಕಬೇಕಿತ್ತು. ನನಗೆ ಮಾತ್ರ ಅದರ ಮೂಲೆಮೂಲೆಯೂ ಗೊತ್ತಿತ್ತು, ಅದರ ಮೇಲೆ ಅಭಿಮಾನವೂ ಇತ್ತು.

ನಮ್ಮ ಹೆಂಚು ಅತಿ ಹೆಚ್ಚು ಹೋಗುತ್ತಿದ್ದದ್ದು ಮುಳಬಾಗಿಲಿನ ಒಂದು ಡಿಪೋಗೆ. ಗಂಡ ತೀರಿಕೊಂಡ ಮೇಲೆ ಅದನ್ನು ಕೈಗೆತ್ತಿಕೊಂಡು ಎರಡರಷ್ಟು ಬೆಳೆಸಿದ ಹೆಂಗಸೊಬ್ಬರು ನಡೆಸುತ್ತಿದ್ದರು. ನಾವೆಲ್ಲ ಅವರನ್ನು ಡಿಪೋ ಅಕ್ಕ ಎನ್ನುತ್ತಿದ್ದೆವು. ಆಂಧ್ರದ ಗಡಿಯವರೆಗೂ ಹಳ್ಳಿಹಳ್ಳಿ ತಿರುಗಿ ಯಾರ ಮನೆ ಏಳುತ್ತಿದೆ ಎಂದು ತಿಳಿದು ಬರುತ್ತಿದ್ದರು. ಅವರ ತಮ್ಮ ಅದೇ ಬೀದಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ. ಆತ ಪುಸ್ತಕ ಓದಿಕೊಂಡೇ ಪ್ರೋಗ್ರಾಮ್ ಬರೆಯಲು ಕಲಿತು, ಡಿಪೋಗೆ ಒಂದು ಕಂಪ್ಯೂಟರ್ ತರಿಸಿ ತನ್ನದೇ ಲೆಕ್ಕ ಕೂರಿಸಿದ್ದಾನೆಂದು ಸುದ್ದಿ ಬಂತು.

ಯಜಮಾನರು ನನ್ನನ್ನು ಕರೆದು ಹೇಳಿದರು: "ಅವ್ರ ಮಿಷನ್‌ಗೂ ನಮ್ಮ ಪ್ರೋಗ್ರಾಮೇ ಹಾಕ್ಬಿಡಮ್ಮ. ಎರಡೂ ಕಡೆ ಒಂದೇ ಇದ್ರೆ ಫೋನಲ್ಲಿ ಕೂಗಾಡೋದು ತಪ್ಪುತ್ತೆ."

ಮಾತು ಸರಿಯಾಗಿಯೇ ಇತ್ತು. ಟ್ರಂಕ್ ಕಾಲಿನಲ್ಲಿ ಆರ್ಡರ್ ಹೇಳುವಾಗ ಅರ್ಧ ಮಾತು ಗಾಳಿಪಾಲಾಗುತ್ತಿತ್ತು. ನಾನು ಫ್ಲಾಪಿಗಳನ್ನು ಸೆರಗಿನಲ್ಲಿ ಸುತ್ತಿಟ್ಟುಕೊಂಡು ಬಸ್ಸಿನಲ್ಲಿ ಮುಳಬಾಗಿಲಿಗೆ ಹೋದೆ. ಡಿಪೋ ಅಕ್ಕ ಕಾಫಿ ಕೊಟ್ಟು, ನಾನು ಹೇಳಿದ್ದನ್ನೆಲ್ಲ ಸಮಾಧಾನದಿಂದ ಕೇಳಿಸಿಕೊಂಡರು. ಕೊನೆಗೆ ಬೇಡ ಎಂದರು.

"ಯಾವ ಊರಲ್ಲಿ ಯಾರು ಮನೆ ಕಟ್ತಾವ್ರೆ ಅನ್ನೋದು ನಾನು ಕಾಲು ಸವೆಸಿ ತಿಳ್ಕೊಂಡಿರೋದು ಕಣಮ್ಮ," ಎಂದರು. "ಅದೆಲ್ಲಾ ನಿಮ್ಮ ಫ್ಲಾಪೀಲಿ ಮಾಲೂರಿಗೆ ಹೋಯ್ತು ಅಂತಿಟ್ಕೋ. ನಾಳೆ ನಿಮ್ಮ ಲಾರಿ ನನ್ನ ಅಂಗ್ಡಿ ದಾಟ್ಕೊಂಡು ನೇರ ಅವರ ಬಾಗಿಲಿಗೇ ಹೋಗುತ್ತೆ. ಆಮೇಲೆ ನಾನು ಏನ್ ಮಾಡ್ಲಿ?"

ಹಾಗಾಗುವುದಿಲ್ಲ ಎಂದು ನಾನು ಮಾತು ಕೊಡುವಂತಿರಲಿಲ್ಲ. ಡಿಪೋದಿಂದ ಮುಂದೆ ಹೆಂಚು ಯಾರ ಮನೆಗೆ ಹೋಗುತ್ತದೆಂದು ನೋಡಲಿಕ್ಕಾಗುತ್ತದೆಯೇ ಎಂದು ಯಜಮಾನರು ಹಿಂದಿನ ವಾರವಷ್ಟೇ ನನ್ನನ್ನು ಕೇಳಿದ್ದರು. ಆ ತಮ್ಮನೂ ಪಕ್ಕದಲ್ಲೇ ಕೂತಿದ್ದ. ಅವನ ಪ್ರೋಗ್ರಾಮನ್ನು ನೋಡಲು ನನಗೆ ಆಸೆ. ಅವನಿಗೆ ನನ್ನದನ್ನು ನೋಡಲು ಆಸೆ. ಇಬ್ಬರೂ ಕೇಳಲಿಲ್ಲ. ಫ್ಲಾಪಿಗಳು ಹೋದ ಹಾಗೆಯೇ ವಾಪಸು ಬಂದವು. ಅವರಿಷ್ಟ, ಇರಲಿ ಬಿಡು ಎಂದು ಯಜಮಾನರು ಮುಖ ಗಂಟಿಕ್ಕಿಕೊಂಡರು.

ಆ ಬೇಸಿಗೆಯ ಕೊನೆಗೆ ರಾಯಲ್ಪಾಡಿನ ಕಡೆಯ ಒಂದು ಹಳ್ಳಿಗೆ ತಪ್ಪು ಹೆಂಚು ಹೋಯಿತು. ರೇಷ್ಮೆ ಹುಳು ಸಾಕುವ ಮನೆಗೆಂದು, ಅವಸರವಿದ್ದುದರಿಂದ ಊರಿನ ಹೆಸರನ್ನೂ ಸೇರಿಸಿ, ಡಿಪೋದಿಂದ ಫೋನಿನಲ್ಲಿ ಹೇಳಿದ್ದರು. ನಮ್ಮಲ್ಲಿ ಅದನ್ನು ಎರಡನೇ ದರ್ಜೆ ಎಂದು ಬರೆದುಕೊಂಡು, ಲಾರಿಯನ್ನು ಮುಳಬಾಗಿಲಿನಲ್ಲಿ ನಿಲ್ಲಿಸದೆ ನೇರ ಆ ಹಳ್ಳಿಗೇ ಕಳಿಸಿದ್ದೆವು. ಹೋದ ಹೆಂಚು ಬೇಡವೆಂದು ಅಲ್ಲಿಂದ ಮಾತು ಬಂತು. ಏನಾಗಿದೆ ನೋಡಿ ಬಾ ಎಂದು ಯಜಮಾನರು ನನ್ನನ್ನು ಕಳಿಸಿದರು. ಮುಳಬಾಗಿಲಿನಿಂದ ಆ ತಮ್ಮನೂ ಜೊತೆಗೆ ಬಂದ.

ಹೋಗಿ ನೋಡಿದರೆ ಮನೆಗೆ ಸೂರೇ ಇಲ್ಲ. ಹಳೆಯ ಹುಲ್ಲಿನ ಮಾಡು ಬಿಚ್ಚಿಹಾಕಿ ತೊಲೆ, ರೀಪರು ಪಟ್ಟಿಗಳನ್ನು ಹೊಡೆದು ಹೆಂಚಿಗೆ ಕಾಯುತ್ತಿದ್ದರು. ಹುಳುವಿನ ಬಿದಿರ ತಟ್ಟೆಗಳನ್ನೆಲ್ಲ ಪಕ್ಕದ ಮನೆಯ ಪಡಸಾಲೆಯಲ್ಲಿ ಒಂದರ ಮೇಲೊಂದು ಇಟ್ಟಿದ್ದರು. ಆ ಮನೆಯ ಹೆಂಗಸು ತೆಲುಗಿನಲ್ಲಿ ಮಾತಾಡಿದರು. ಜಗಳದ ದನಿ ಇರಲಿಲ್ಲ. ಹುಳು ಇನ್ನೂ ಸಣ್ಣವು, ಇನ್ನೆರಡು ಸಲ ಪೊರೆ ಬಿಟ್ಟು ಎದ್ದರೆ ಈ ಪಡಸಾಲೆ ಸಾಲುವುದಿಲ್ಲ, ಅಷ್ಟರಲ್ಲಿ ಮಾಡು ಆಗಬೇಕು ಎಂದಷ್ಟೇ ಹೇಳಿದರು. ನಾವು ಕಳಿಸಿದ ಹೆಂಚನ್ನು ಒಂದು ಸಾಲು ಹೊದಿಸಿ ತೋರಿಸಿದರು. ಹೆಂಚುಗಳು ಸೊಟ್ಟಗಿದ್ದವು. ಒಂದಕ್ಕೊಂದು ಕೂರದೆ ಸಂದು ಬಿಟ್ಟು, ಸಂದಿನಲ್ಲಿ ಬಿಸಿಲು ಇಳಿಯುತ್ತಿತ್ತು. ಆ ವರ್ಷಗಳಲ್ಲಿ ನಮ್ಮ ಕಡೆ ಊಜಿ ನೊಣದ ಕಾಟ ವಿಪರೀತ. ಸಂದು ಸಿಕ್ಕರೆ ಒಳಗೆ ಬಂದು ಹುಳುವಿನ ಮೇಲೆ ಮೊಟ್ಟೆ ಇಟ್ಟು ಬೆಳೆಯನ್ನೇ ಹಾಳುಮಾಡುತ್ತಿತ್ತು.

ಡಿಪೋ ಅಕ್ಕನ ತಮ್ಮ ಅಲ್ಲೇ ಕಲ್ಲಿನ ಮೇಲೆ ಕೂತು ನನಗೆ ವಿವರಿಸಿದ. ನಾವು ಎರಡನೇ ದರ್ಜೆ ಎಂದು ಒಟ್ಟಿಗೆ ಕಳಿಸುವುದನ್ನು ಅವನಕ್ಕ ಡಿಪೋದಲ್ಲಿ ಎರಡು ಪಾಲು ಮಾಡಿಸುತ್ತಿದ್ದರಂತೆ. ಬಣ್ಣ ಕೆಟ್ಟರೂ ನೆಟ್ಟಗಿರುವುದು ಹುಳುವಿನ ಮನೆಗೆ, ಸೊಟ್ಟಗಿರುವುದು ದನದ ಕೊಟ್ಟಿಗೆಗೆ. ಅವನ ಪ್ರೋಗ್ರಾಮಿನಲ್ಲಿ ಇವುಗಳ ಹೆಸರು ಪುರುಗು ಪೆಂಕು, ಅಂದರೆ ಹುಳುವಿನ ಹೆಂಚು, ಮತ್ತು ಕೊಟ್ಟಂ ಪೆಂಕು, ಅಂದರೆ ಕೊಟ್ಟಿಗೆಯ ಹೆಂಚು. ಗಿರಾಕಿಗಳು ತೆಲುಗಿನಲ್ಲಿ ಕೇಳುವ ಹಾಗೆಯೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟಿದ್ದ. ನಮ್ಮ ಪ್ರೋಗ್ರಾಮಿನಲ್ಲಿ ಎರಡಕ್ಕೂ ಸೇರಿ ಒಂದೇ ನಂಬರು. ಹಿಂದೆಲ್ಲ ಲಾರಿ ಡಿಪೋದಲ್ಲೇ ಹೆಂಚು ಇಳಿಸಿ ಹೋಗುತ್ತಿದ್ದುದರಿಂದ ಈ ವ್ಯತ್ಯಾಸ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಡಿಪೋ ಅಕ್ಕ ತಡಮಾಡಲಿಲ್ಲ. ಬೇರೆ ಕಡೆಗೆಂದು ಆರಿಸಿಟ್ಟಿದ್ದ ನೆಟ್ಟನೆಯ ಹೆಂಚನ್ನು ಮರುದಿನವೇ ಅಲ್ಲಿಗೆ ಕಳಿಸಿದರು. ಹುಳು ಕೊನೆಯ ಪೊರೆ ಬಿಡುವ ಮೊದಲು ಮಾಡು ಹೊದಿಸಿ ಮುಗಿಯಿತು. ಆ ಸಲ ಬೆಳೆ ಕೈಗೆ ಹತ್ತಿತು ಎಂದು ಆಮೇಲೆ ಕೇಳಿ ಸಮಾಧಾನವಾಯಿತು.

ಅವತ್ತು ಆ ಹಳ್ಳಿಯಿಂದ ಮುಳಬಾಗಿಲಿಗೆ ವಾಪಸು ಬರುವಾಗ ಲಾರಿಯ ಕ್ಯಾಬಿನ್ನಿನಲ್ಲಿ ನಾವಿಬ್ಬರೂ ಮೊದಲ ಸಲ ಮನಸ್ಸು ಬಿಚ್ಚಿ ಮಾತಾಡಿದೆವು. ನನ್ನ ಪ್ರೋಗ್ರಾಮ್ ಅವರಲ್ಲಿ ಕೂರಿಸಿದ್ದರೆ ಅವರ ಎರಡು ಹೆಸರುಗಳು ನನ್ನ ಒಂದು ನಂಬರಿನಲ್ಲಿ ಮುಳುಗಿ ಹೋಗುತ್ತಿದ್ದವು. ಹಾಗೆಂದು ಅವರದನ್ನು ನಮ್ಮಲ್ಲಿ ಕೂರಿಸಿದರೆ ಭಟ್ಟಿಯ ವಿಷಯ ಅದಕ್ಕೆ ಏನೂ ಗೊತ್ತಿಲ್ಲ. ಸಂಬಂಧವೇ ಬೇಡವೆಂದರೆ ಇಂಥ ಲಾರಿಗಳು ಮತ್ತೆ ಹೋಗುತ್ತವೆ. ಒಂದು ಮಾಡುವುದು ಅಥವಾ ಬೇರೆಯೇ ಇರುವುದು, ಇವೆರಡೇ ದಾರಿ ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ.

ದಾರಿಯಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ಅವನೇ ಹೇಳಿದ: "ಮೇಡಂ, ನಿಮ್ಮದು ನಿಮ್ಮ ಹತ್ರಾನೇ ಇರ್ಲಿ, ನಮ್ಮದು ನಮ್ಮ ಹತ್ರ. ಮಧ್ಯೆ ಒಂದು ಸಣ್ಣ ಫೈಲ್ ಮಾಡೋಣ. ಇಬ್ರಿಗೂ ಅರ್ಥ ಆಗೋದು ಅದೊಂದೇ."

ಆ ಫೈಲಿನಲ್ಲಿ ಹೆಂಚಿನ ಬಗೆ, ಎಷ್ಟು, ಯಾವ ದಿನದೊಳಗೆ, ಇಷ್ಟೇ ಇರಬೇಕೆಂದು ಮಾತಾಯಿತು. ಮನೆಯವರ ಹೆಸರು, ಊರು ಯಾವುದೂ ಬೇಡ. ಲಾರಿ ಇನ್ನು ಮೇಲೆ ಡಿಪೋಗೇ ಬರಬೇಕು, ಅಲ್ಲಿಂದ ಮುಂದಿನದು ಅವರ ಪಾಡು. ಡಿಪೋ ಅಕ್ಕ ಇದಕ್ಕೆ ಒಪ್ಪಿದರು. ನಮ್ಮ ಯಜಮಾನರಿಗೆ ಅರ್ಧ ಮನಸ್ಸು. ಇಷ್ಟೇ ಕಾಣುವುದಾದರೆ ನಮಗೇನು ಲಾಭ ಎಂದು ಕೇಳಿದರು. ಲಾರಿ ತುಂಬುವ ಮೊದಲೇ ಏನು ಬೇಕೆಂದು ಸರಿಯಾಗಿ ಗೊತ್ತಾಗುತ್ತದೆ ಸಾರ್ ಎಂದೆ. ಅವರು ಮೇಸ್ತ್ರಿಯನ್ನು ಕರೆದು, ಎರಡನೇ ದರ್ಜೆಯಲ್ಲಿ ನೆಟ್ಟಗಿರುವುದನ್ನೂ ಸೊಟ್ಟಗಿರುವುದನ್ನೂ ಬೇರೆ ಬೇರೆ ಪೇರಿಸಲು ಹೇಳಿದರು. ನನ್ನ ಪ್ರೋಗ್ರಾಮಿನಲ್ಲಿ ಒಂದು ನಂಬರು ಎರಡಾಯಿತು. ಅದಕ್ಕಾಗಿ ಹಳೆಯ ಸಾಲುಗಳನ್ನು ಎಷ್ಟೋ ಕಡೆ ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ನನಗೆ ಬೇಜಾರಾಗಲಿಲ್ಲ.

ಮೊದಲ ಫ್ಲಾಪಿ ಮುಳಬಾಗಿಲಿನಿಂದ ಲಾರಿ ಡ್ರೈವರಿನ ಊಟದ ಡಬ್ಬಿಯಲ್ಲಿ ಬಂತು. ನಮ್ಮ ಮಿಷನ್ ಅದನ್ನು ಓದಲಿಲ್ಲ. ಎರಡನೆಯದನ್ನೂ ಓದಲಿಲ್ಲ. ಯಜಮಾನರು ಎದ್ದು ಅಂಗಳಕ್ಕೆ ಹೋಗಿಬಿಟ್ಟರು. ಅದು ನನಗೆ ಬೈಗುಳಕ್ಕಿಂತ ಕಷ್ಟವಾಯಿತು. ಮರುದಿನ ಆ ತಮ್ಮ ರೇಡಿಯೋ ಅಂಗಡಿಗೆ ಬೀಗ ಹಾಕಿ, ಸ್ಕ್ರೂಡ್ರೈವರಿನ ಚೀಲದೊಂದಿಗೆ ಮಾಲೂರಿಗೆ ಬಂದ. ನಮ್ಮ ಡ್ರೈವ್ ಬಿಚ್ಚಿದರೆ ಒಳಗೆಲ್ಲ ಹೆಂಚಿನ ಕೆಂಪು ಧೂಳು. ಒರೆಸಿ, ಒಂದು ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ಕೂರಿಸಿದ. ಪರದೆಯ ಮೇಲೆ ಅವರ ಆರ್ಡರು ನಮ್ಮ ನಂಬರುಗಳಲ್ಲಿ ಸಾಲಾಗಿ ಮೂಡಿತು. ಯಜಮಾನರೇ ಹೊರಗಿನಿಂದ ಬಂದು ನಿಂತು ಓದಿದರು. ಆಮೇಲೆ ಆತನಿಗೆ ಊಟ ಮಾಡಿಕೊಂಡು ಹೋಗಬೇಕೆಂದರು.

ಅಲ್ಲಿಂದ ಮುಂದೆ ಎರಡು ಪ್ರೋಗ್ರಾಮುಗಳೂ ತಮ್ಮ ಪಾಡಿಗೆ ಬೆಳೆದವು. ಅವನು ತನ್ನದನ್ನು ಒಮ್ಮೆ ಪೂರ್ತಿ ಹೊಸದಾಗಿ ಬರೆದ, ನಾನೂ ನನ್ನದನ್ನು ಬರೆದೆ. ಆ ಸಣ್ಣ ಫೈಲು ಮಾತ್ರ ಹಾಗೆಯೇ ಉಳಿಯಿತು. ಯಾರ ಮನೆಯಲ್ಲಿ ಏನು ಬದಲಾದರೂ ನಡುವಿನ ಮಾತು ಕೆಡಲಿಲ್ಲ. ಡಿಪೋ ಅಕ್ಕ ಒಂದು ದಿನ ತಾವಾಗಿಯೇ ಮಾಲೂರಿಗೆ ಬಂದು, ಭಟ್ಟಿಯನ್ನೆಲ್ಲ ನೋಡಿ, ಯಾವ ಹಳ್ಳಿಗಳಲ್ಲಿ ಮುಂದಿನ ಬೇಸಿಗೆಗೆ ಎಷ್ಟು ಹೆಂಚು ಬೇಕಾದೀತು ಎಂದು ಯಜಮಾನರಿಗೆ ಅಂದಾಜು ಹೇಳಿದರು. ಯಾರೂ ಕೇಳಿರಲಿಲ್ಲ.

ನಮ್ಮ ಹೆಂಚು ಕೊಳ್ಳುತ್ತಿದ್ದ ಇನ್ನೊಂದು ಡಿಪೋ ಶ್ರೀನಿವಾಸಪುರದ್ದು, ಅವರ ಕಥೆ ಬೇರೆ. ಅವರ ಬಳಿ ಸ್ವಂತ ಪ್ರೋಗ್ರಾಮೇನೂ ಇರಲಿಲ್ಲ. ನಿಮ್ಮದನ್ನೇ ಕೊಡಿ ಎಂದರು, ಕೊಟ್ಟೆವು, ಸಲೀಸಾಗಿ ಹೊಂದಿಕೊಂಡರು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವರು ತಮ್ಮ ಮಾವಿನ ಮಂಡಿಗೂ ಹೀಗೆ ಏನಾದರೂ ಆಗುತ್ತದೆಯೇ ಎಂದು ಕೇಳಿಕಳಿಸಿದರು. ಹೆಂಚಿನ ಪ್ರೋಗ್ರಾಮಿಗೇ ಮಾವನ್ನೂ ಸೇರಿಸಿಬಿಡು ಎಂದು ಯಜಮಾನರು ನಕ್ಕರು. ಮೊದಲು ಹೋಗಿ ನೋಡಿ ಬರುತ್ತೇನೆ ಎಂದೆ.

ಒಂದು ಬೆಳಿಗ್ಗೆ ಕೋಲಾರದಿಂದ ಶ್ರೀನಿವಾಸಪುರದ ಬಸ್ಸು ಹಿಡಿದೆ. ಮಂಡಿಯ ತುಂಬ ಹುಲ್ಲು ಹಾಸಿ ಕಾಯಿ ಸುರಿದಿದ್ದರು. ಕಂಪ್ಯೂಟರಿನ ಮಾತು ಎತ್ತದೆ, ಕಾಯಿ ಆರಿಸುತ್ತಿದ್ದ ಹೆಂಗಸರ ಪಕ್ಕದಲ್ಲಿ ಕೂತು, ಯಾವುದನ್ನು ಯಾವ ರಾಶಿಗೆ ಹಾಕುತ್ತೀರಿ, ಅದನ್ನು ಏನೆಂದು ಕರೆಯುತ್ತೀರಿ ಎಂದು ಕೇಳಿದೆ. ಅವರು ಸೆರಗು ಸರಿಪಡಿಸಿಕೊಂಡು ನನಗೂ ಜಾಗ ಬಿಟ್ಟು, ಒಂದೊಂದೇ ಕಾಯಿ ಎತ್ತಿ ತೋರಿಸತೊಡಗಿದರು.