ಮೆಸ್ ಮಾಮುವಿನ ಕಂಪನಿ ದಮ್

ಹೋದ ವಾರ ಗಿರಣಿಗೆ ಹೋಗಿದ್ದೆ. ನನ್ನ ಗೋಧಿಗಿಂತ ಮುಂಚೆ ಯಾರೋ ಮುಸುಕಿನ ಜೋಳ ಬೀಸಿಸಿಕೊಂಡು ಹೋಗಿದ್ದರು. ಕಲ್ಲಿನಲ್ಲಿ ಉಳಿದಿದ್ದ ಜೋಳದ ಹಿಟ್ಟೆಲ್ಲ ನನ್ನ ಡಬ್ಬಿಗೇ ಬಂತು. ಬೇರೆ ದಿನವಾಗಿದ್ದರೆ ಗಿರಣಿಯವನ ಜೊತೆ ಒಂದು ಸುತ್ತು ಜಗಳವಾಡದೆ ಬರುತ್ತಿರಲಿಲ್ಲ. ಹುಣಸೂರಿನಲ್ಲಿ ನನ್ನ ಬಾಯಿಗೆ ಹೆದರದ ಅಂಗಡಿಯವರು ಕಡಿಮೆ. ಆವತ್ತು ಮಾತ್ರ ಸುಮ್ಮನೆ ಡಬ್ಬಿ ಎತ್ತಿಕೊಂಡೆ. ಬಿಸಿ ಹಿಟ್ಟಿನ ಆ ಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಲುಂಗಿ ಮೇಲಕ್ಕೆ ಕಟ್ಟಿ, ತಲೆಗೆ ಟವೆಲ್ ಸುತ್ತಿ, ನಮ್ಮ ಹಿತ್ತಿಲ ಗೋಡೆಯಾಚೆ ಕೆಂಡದ ಮುಂದೆ ಕುಕ್ಕರಗಾಲಲ್ಲಿ ಕೂತಿರುತ್ತಿದ್ದ ಮನುಷ್ಯ ಕಣ್ಣೆದುರು ಬಂದುಬಿಟ್ಟರು... ನಮ್ಮ ಮೆಸ್ ಮಾಮು.

ಸ್ವಂತ ಮಾಮು ಅಲ್ಲ. ಪಕ್ಕದ ಮನೆಯವರು. ಮದುವೆಯಾದ ಹೊಸದರಲ್ಲೇ ಸೌದಿಗೆ ಹೋಗಿ, ಎಣ್ಣೆ ಬಾವಿಯ ಕಂಪನಿಯೊಂದರ ಕ್ಯಾಂಪಿನ ಮೆಸ್ಸಿನಲ್ಲಿ ಅಡುಗೆಗೆ ಸೇರಿಕೊಂಡವರು ಕೂದಲು ಬೆಳ್ಳಗಾಗುವವರೆಗೂ ಅಲ್ಲೇ ಇದ್ದರು. ಎರಡು ವರ್ಷಕ್ಕೊಮ್ಮೆ, ಅದೂ ಚಳಿಗಾಲದಲ್ಲಿ, ರಜೆಗೆ ಬರುತ್ತಿದ್ದರು. ಬಂದಾಗ ಅವರ ಹೆಂಡತಿ ಅವರನ್ನು ಒಲೆಯ ಹತ್ತಿರವೂ ಬಿಡುತ್ತಿರಲಿಲ್ಲ. ನಾವೆಲ್ಲ ಆಕೆಯನ್ನು ಮುಮಾನಿ ಎನ್ನುತ್ತಿದ್ದೆವು. ಹೆಗ್ಗಡದೇವನಕೋಟೆ ಕಡೆಯ ಅಂತರಸಂತೆಯಲ್ಲಿ ಹುಟ್ಟಿ ಬೆಳೆದ ಹೆಣ್ಣುಮಗಳು; ಬಾಯಲ್ಲಿ ಉರ್ದುವಿಗಿಂತ ಕನ್ನಡವೇ ಹೆಚ್ಚು. "ಅಲ್ಲಿ ಊರೋರ್ಗೆಲ್ಲ ಬೇಯ್ಸಾಕಿದ್ದು ಸಾಕು. ಇಲ್ಲಿ ಕುಂತ್ಕಂಡು ಉಣ್ಣಿ," ಎಂದು ಗದರುವುದು ನಮ್ಮ ಮನೆಗೂ ಕೇಳಿಸುತ್ತಿತ್ತು. ಮಕ್ಕಳಿರಲಿಲ್ಲ. ಆ ಎರಡು ತಿಂಗಳು ಆ ಮನೆಯ ಬಾಗಿಲು ಅಷ್ಟಾಗಿ ತೆರೆಯುತ್ತಿರಲಿಲ್ಲ. ನಾವೂ ಹೋಗಿ ತಟ್ಟುತ್ತಿರಲಿಲ್ಲ.

ಅವರು ಕೆಲಸ ಬಿಟ್ಟು ಊರಿಗೆ ಬಂದದ್ದು ಮುಮಾನಿಗೆ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡ ಮೇಲೆ, ಮಳೆಗಾಲ ಮುಗಿಯುತ್ತಲೇ. ಮೈಸೂರಿಗೆ ಕರೆದುಕೊಂಡು ಹೋಗಿ ಕರೆಂಟ್ ಕೊಡಿಸಿದರು. ನಮ್ಮ ಕಡೆ ಆ ವಿಕಿರಣ ಚಿಕಿತ್ಸೆಗೆ ಎಲ್ಲರೂ ಹಾಗೇ ಅನ್ನುವುದು. ಗಡ್ಡೆ ಕರಗಿತು ಎಂದರು. ಆದರೆ ಅದರ ಜೊತೆಗೆ ಹೆಂಗಸೂ ಕರಗಿಹೋಗಿದ್ದರು. ಗಂಜಿಯೂ ಗಂಟಲಿಗೆ ಇಳಿಯುವುದು ಕಷ್ಟವಾಗಿತ್ತು. ಮೆತ್ತಗಿನದು ಏನಾದರೂ ಕೊಡಿ, ಉಪ್ಪು ಖಾರ ಮುಟ್ಟಿಸಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಒಂದು ಸಂಜೆ ಮಾಮು ಕಾಂಪೌಂಡಿನ ಮೇಲೆ ಕೈಯಿಟ್ಟು ನಿಂತು ನನಗೆ ಹೇಳಿದರು: "ಬೇಟಿ, ಎಷ್ಟೋ ದೇಶದ ಜನ ನನ್ನ ಕೈ ಊಟ ಉಂಡವ್ರೆ. ಇವಳು ಒಬ್ಳು ಉಂಡಿಲ್ಲ. ಒಂದ್ಸಲ ಉಣ್ಬೇಕು ನೋಡು. ಅಷ್ಟೇ ನಂಗೆ." ಆಮೇಲೆ ನಾನು ಕಂಡದ್ದೆಲ್ಲ ಆ ಒಂದು ಆಸೆಯ ಹಿಂದೆ ಅವರು ಓಡಿದ ಓಟ.

ಉಣಿಸಬೇಕೆಂದಿದ್ದ ಅಡುಗೆ ಯಾವುದು ಎಂದರೆ, ಕ್ಯಾಂಪಿನಲ್ಲಿ ಅಮೆರಿಕದ ಟೆಕ್ಸಾಸ್ ಕಡೆಯ ದೊಡ್ಡ ಅಡುಗೆಯವನೊಬ್ಬ ಕಲಿಸಿದ್ದು. ಅಡಿಯಲ್ಲಿ ಮಸಾಲೆಯ ಖೀಮಾ, ಅಂದರೆ ಕೊಚ್ಚಿದ ಮಾಂಸ; ಮೇಲೆ ಮುಸುಕಿನ ಜೋಳದ ಹಿಟ್ಟಿನ ದಪ್ಪ ಹೊದಿಕೆ. ಎರಡೂ ಒಂದೇ ಪಾತ್ರೆಯಲ್ಲಿ ಬೇಯಬೇಕು. ಅದರ ಇಂಗ್ಲಿಷ್ ಹೆಸರನ್ನು ಮಾಮು ನಮಗೆ ಎಷ್ಟೋ ಸಲ ಹೇಳಿಕೊಟ್ಟರು. ನಮ್ಮ ಬೀದಿಯ ನಾಲಗೆ ಅದಕ್ಕೆ ಬಗ್ಗಲಿಲ್ಲ. ಕಂಪನಿಯಿಂದ ಬಂದದ್ದು, ಮುಚ್ಚಳದ ಮೇಲೆ ಕೆಂಡ ಇಟ್ಟು ದಮ್ ಕೊಡುವುದು, ಆದ್ದರಿಂದ ಕಂಪನಿ ದಮ್ ಎಂದು ನಾವೇ ನಾಮಕರಣ ಮಾಡಿದೆವು. ಮಾಮು ಎರಡು ದಿನ ಮುಖ ಊದಿಸಿಕೊಂಡು, ಮೂರನೆಯ ದಿನ ತಾವೂ ಹಾಗೇ ಕರೆಯತೊಡಗಿದರು.

ತೊಂದರೆ ಶುರುವಾದದ್ದು ಅಳತೆಯಲ್ಲಿ. ಮೊದಲ ಸಲ ಮುಮಾನಿಯೊಬ್ಬರಿಗೆಂದು ಪುಟ್ಟ ಪಾತ್ರೆಯಲ್ಲಿ ಮಾಡಹೋದರು. ಮೇಲೆ ಹಸಿ, ಕೆಳಗೆ ಸೀದು ಕರಿ. ಎರಡನೆಯ ಸಲ ಸೋಡಾ ಎಷ್ಟಾಯಿತೆಂದರೆ ಬೆಕ್ಕು ಕೂಡ ಮೂಸಿ ಹೋಯಿತು. ಬದುಕೆಲ್ಲ ನೂರಾರು ಜನರ ಪಂಕ್ತಿಗೆ ಬೇಯಿಸಿದ ಕೈ ಅದು. ಸೌಟು ಎಂದರೆ ಬಕೆಟ್, ಚಿಟಿಕೆ ಎಂದರೆ ಬೊಗಸೆ! "ಸಣ್ಣ ಪಾತ್ರೆ ನನ್ನ ಕೈಗೆ ಬರಲ್ಲ ಬೇಟಿ," ಎಂದು ಮಸಿ ಹಿಡಿದ ಪಾತ್ರೆಯನ್ನು ಎದುರಿಗಿಟ್ಟುಕೊಂಡು ಕೂತಿದ್ದರು. ನಾನು ನಕ್ಕೆ. ಅವರು ನಗಲಿಲ್ಲ.

ಕೊನೆಗೆ ಅವರೇ ಉಪಾಯ ಕಂಡುಕೊಂಡರು. ಮದುವೆ ಮನೆಗಳಿಗೆ ಬಾಡಿಗೆಗೆ ಕೊಡುವವರ ಹತ್ತಿರ ಲಗನ್ ತಂದರು. ಲಗನ್ ಎಂದರೆ ಅಗಲ ಬಾಯಿಯ, ಆಳ ಕಡಿಮೆಯಿರುವ ತಾಮ್ರದ ಪಾತ್ರೆ. ಅದರಲ್ಲಿ ಬೀದಿಗೆಲ್ಲ ಆಗುವಷ್ಟು ಅಡುಗೆ ಮಾಡುವುದು, ನಟ್ಟನಡುವೆ ಒಂದು ಸ್ಟೀಲಿನ ಬಟ್ಟಲು ಹೂತಿಡುವುದು, ಆ ಬಟ್ಟಲಿನಲ್ಲಿ ಮುಮಾನಿಯ ಪಾಲು. ದೊಡ್ಡ ಲಗನ್ನಿನ ಹಬೆಯಲ್ಲಿ ಆ ಪುಟ್ಟ ಬಟ್ಟಲು ಹದವಾಗಿ ಬೆಂದಿತು. ಅಂದಿನಿಂದ ಶುಕ್ರವಾರದ ನಮಾಜಾದ ಮೇಲೆ ನಮ್ಮ ಬೀದಿಗೆ ಬೀದಿಯೇ ಅವರ ಹಿತ್ತಿಲಲ್ಲಿ ಊಟಕ್ಕೆ ಕೂರುವ ಹಾಗಾಯಿತು. ಒಂದು ಬಟ್ಟಲಿಗೋಸ್ಕರ ಇಡೀ ಬೀದಿ ಉಂಡಿತು.

ಜೋಳ ಬರುತ್ತಿದ್ದುದು ಕಂಪಲಾಪುರದ ಗೌಡರೊಬ್ಬರ ಹೊಲದಿಂದ. ಅವರಿಗೂ ಮಾಮುವಿಗೂ ಹಳೆಯ ಸ್ನೇಹ. ತಂಬಾಕು ಬೆಳೆಯುವವರಾದ್ದರಿಂದ, ಎಲೆ ಹದ ಮಾಡುವ ಬ್ಯಾರನ್ನಿನ ಒಲೆಯಲ್ಲಿ ಉಳಿದ ಇದ್ದಿಲನ್ನೂ ಚೀಲ ಕಟ್ಟಿ ತರುತ್ತಿದ್ದರು. ಚೀಲ ಇಳಿಸಿ, ಬೀಡಿ ಹಚ್ಚಿ, "ಅಲ್ಲ ಸಾಬ್ರೇ, ನಾವು ಕೋಳಿಗಾಕೋ ಜ್ವಾಳವ ನೀವು ಜನುಕ್ ಆಕ್ತಿದ್ದೀರಲ್ಲಾ!" ಎನ್ನುವುದು ಅವರ ಪದ್ಧತಿ. "ಕೋಳಿಗೆ ರುಚಿ ಗೊತ್ತು ಗೌಡ್ರೇ, ನಿಮ್ಗೇ ಗೊತ್ತಿಲ್ಲ," ಎನ್ನುವುದು ಮಾಮುವಿನ ಪದ್ಧತಿ. ಗೌಡರು ಎಮ್ಮೆ ಮಾಂಸ ತಿನ್ನುವವರಲ್ಲ. ಅವರಿಗೆಂದೇ ತೆಗೆದಿಟ್ಟ ಬೇರೆ ಬಾಣಲೆಯಲ್ಲಿ, ಎಲ್ಲಕ್ಕಿಂತ ಮೊದಲು, ಬೆಲ್ಲ ಹಾಕಿದ ಬರೀ ಜೋಳದ ರೊಟ್ಟಿ ಬೇಯುತ್ತಿತ್ತು. ಅದೂ ಒಬ್ಬರಿಗಲ್ಲ, ಕಂಪಲಾಪುರದ ಅವರ ಮನೆಮಂದಿಗೆಲ್ಲ ಸಾಲುವಷ್ಟು.

ಮಾಮು ಕೆಲಸಕ್ಕೆ ಕೂತರೆ ನೋಡುತ್ತಲೇ ಇರಬೇಕು ಅನ್ನಿಸುತ್ತಿತ್ತು. ಬೆಳಿಗ್ಗೆಯೇ ಎಮ್ಮೆ ಮಾಂಸದ ಖೀಮಾ ಬರುತ್ತಿತ್ತು. ಅದನ್ನು ಎಣ್ಣೆಯಿಲ್ಲದೆ ಲಗನ್ನಿಗೆ ಸುರಿದು, ಅದರ ನೀರೆಲ್ಲ ಆರಿ ಚಟಚಟ ಅನ್ನುವವರೆಗೂ ಮುಗುಚುತ್ತಿದ್ದರು. ಆಗ ಬೆಂದ ಖೀಮಾದಲ್ಲಿ ಸ್ವಲ್ಪವನ್ನು ನೀರು ಬೆರೆಸಿ ಮುಮಾನಿಯ ಬಟ್ಟಲಿಗೆ ತೆಗೆದಿಟ್ಟು, ಉಳಿದದ್ದಕ್ಕೆ ಈರುಳ್ಳಿ, ಬೆಳ್ಳುಳ್ಳಿ, ಹುರಿದು ಕುಟ್ಟಿದ ಜೀರಿಗೆ, ನೆನೆಸಿ ರುಬ್ಬಿದ ಬ್ಯಾಡಗಿ ಮೆಣಸಿನಕಾಯಿ, ಬುಟ್ಟಿ ತುಂಬ ಟೊಮೇಟೊ. ಅಲ್ಲಿ ಕೆಂಪು ಬೀನ್ಸ್ ಹಾಕುತ್ತಿದ್ದರಂತೆ. ಇಲ್ಲಿ ಬೇಯಿಸಿದ ಅಲಸಂದೆ ಕಾಳು ಬೀಳುತ್ತಿತ್ತು. ಜೋಳದ ಹಿಟ್ಟಿಗೆ ಗಟ್ಟಿ ಮೊಸರು, ಮೊಟ್ಟೆ, ಎಣ್ಣೆ, ಚೂರು ಸೋಡಾ ಸೇರಿಸಿ, ಇಡ್ಲಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿಯಾಗಿ ಕಲಸಿ, ಖೀಮಾದ ಮೇಲೆ ಸುರಿದು ಒದ್ದೆ ಅಂಗೈಯಲ್ಲಿ ಸವರುತ್ತಿದ್ದರು. ಆಮೇಲೆ ಮುಚ್ಚಳ. ಕೆಳಗೆ ಕೆಂಡ ಕಡಿಮೆ, ಮೇಲೆ ಹೆಚ್ಚು. ಮುಚ್ಚಳ ತೆಗೆದಾಗ ಹೊನ್ನಿನ ಬಣ್ಣಕ್ಕೆ ತಿರುಗಿದ ಹೊದಿಕೆ ಅಲ್ಲಲ್ಲಿ ಬಿರಿದು, ಬಿರುಕಿನಿಂದ ಕೆಂಪು ಮಸಾಲೆ ಉಕ್ಕುತ್ತಿತ್ತು. ಮಕ್ಕಳು ತಟ್ಟೆ ಬಡಿಯುತ್ತಿದ್ದವು. ದೊಡ್ಡವರು ಮರ್ಯಾದೆಗೆ ಸುಮ್ಮನಿರುತ್ತಿದ್ದರು.

ಎಲ್ಲರಿಗಿಂತ ಮೊದಲು ಆ ಬಟ್ಟಲು ಒಳಗೆ ಹೋಗುತ್ತಿತ್ತು. ಮೊದಲ ಶುಕ್ರವಾರ ನಾನೂ ಒಳಗಿದ್ದೆ. ಮುಮಾನಿ ದಿಂಬಿಗೆ ಒರಗಿ ಕೂತಿದ್ದರು. ಮಾಮು ಹೊದಿಕೆಯನ್ನು ರಸದಲ್ಲಿ ಕಿವುಚಿ, ಚಮಚದಲ್ಲಿ ಬಾಯಿಗಿಟ್ಟರು. ಅದು ಗಂಟಲಿಗಿಳಿಯುವವರೆಗೂ ನಾವಿಬ್ಬರೂ ಉಸಿರು ಬಿಡಲಿಲ್ಲ. ಇಳಿಯಿತು. ಮೆಸ್ಸಿನ ಅಭ್ಯಾಸವೋ ಏನೋ, ಮಾಮು ಕೇಳಿದರು, "ಉಪ್ಪು ಖಾರ ಸರೀಗೈತಾ?"

ಮುಮಾನಿ ಕಣ್ಣು ಮುಚ್ಚಿ ಚಪ್ಪರಿಸಿದರು. "ಬೋ ಚೆಂದಾಗೈತೆ. ಖಾರ ಒಂಚೂರು ಮುಂದಾತು ನೋಡಿ."

ಮಾಮು ಬಟ್ಟಲಿಗೆ ಇನ್ನೊಂದು ಸಲ ಚಮಚ ಹಾಕಿದರು. ನಾನು ಹೊರಗೆ ಬಂದು ಎಲ್ಲರಿಗೂ ಹೇಳಿದೆ, ಮುಮಾನಿ ಉಂಡರು ಅಂತ. ಹಿತ್ತಿಲಿಗೆ ಹಿತ್ತಿಲೇ ಖುಷಿಪಟ್ಟಿತು. ಗೌಡರಂತೂ, "ಅಂಗಾರೆ ಇನ್ನೊಂದ್ ಮೂಟೆ ತತ್ತೀನಿ ಬುಡಿ," ಎಂದು ಅಲ್ಲೇ ಸಾರಿದರು. ಪ್ರತಿ ಶುಕ್ರವಾರವೂ ಹಾಗೇ ನಡೆಯಿತು. ಅದೇ ಪ್ರಶ್ನೆ, ಅದೇ ಉತ್ತರ. ಚಮಚಗಳು ಮಾತ್ರ ಕಡಿಮೆಯಾಗುತ್ತ ಹೋದವು... ಚಳಿ ಕಳೆಯುವ ಮೊದಲೇ ಮುಮಾನಿ ತೀರಿಕೊಂಡರು.

ನಮ್ಮಲ್ಲಿ ನಲವತ್ತನೆಯ ದಿನ ಓದಿಸುವ ಫಾತಿಹಾ ಪ್ರಾರ್ಥನೆಗೆ ತೀರಿಕೊಂಡವರಿಗೆ ಪ್ರಿಯವಾದದ್ದನ್ನು ಮಾಡಿ ಬಡಿಸುವ ರೂಢಿ. ಕೇಳುವುದೇನಿದೆ, ಕಂಪನಿ ದಮ್ಮೇ ಆಗಲಿ ಎಂದು ಬೀದಿಯವರೆಲ್ಲ ತೀರ್ಮಾನಿಸಿದರು. ಎಷ್ಟು ಆಸೆಪಟ್ಟು ಉಣ್ಣುತ್ತಿದ್ದರು ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಹಾಗೆ ತೀರ್ಮಾನವಾದ ಮಾರನೆಯ ದಿನ ಮಾಮು ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಬೇಟಿ, ಆ ಬಟ್ಟಲಿಗೆ ನಾನು ಖಾರಾನೇ ಹಾಕ್ತಿರ್ಲಿಲ್ಲ. ಉಪ್ಪೂ ಇಲ್ಲ. ಡಾಕ್ಟರು ಹೇಳಿದ್ರಲ್ಲ." ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದರು. "ನಾಲಗೆ ಸತ್ತೋಗಿತ್ತು ಅವಳ್ದು. ಮೊದಲ್ನೇ ದಿನಾನೇ ಗೊತ್ತಾಯ್ತು ನಂಗೆ. ನಂಗೋಸ್ಕರ ನುಂಗ್ತಿದ್ಳು."

ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ನಾನು ಒಲೆ ಆರಿಸಲಿಲ್ಲ. ಅವರು ಮುಂದುವರಿಸಿದರು. "ಈಗ ಎಲ್ರೂ ಅವಳಿಗೆ ಇಷ್ಟ ಅಂತ ಅದ್ನೇ ಮಾಡು ಅಂತವ್ರೆ. ನೀನು ಪಕ್ಕದಲ್ಲೇ ಇದ್ದೋಳು. ಹೇಳು, ಅವಳಿಗೆ ನಿಜವಾಗ್ಲೂ ಏನು ಇಷ್ಟ ಇತ್ತು?"

ನನಗೆ ಗೊತ್ತಿತ್ತು. ಕಳಲೆ. ಮುಂಗಾರು ಹಿಡಿದು ಬಿದಿರು ಮೊಳೆತ ಕೂಡಲೇ ಅಂತರಸಂತೆಯಿಂದ ಯಾರಾದರೂ ಎಳೆ ಕಳಲೆ ತಂದುಕೊಡುತ್ತಿದ್ದರು. ಮುಮಾನಿ ಅದನ್ನು ತೆಳ್ಳಗೆ ಹೆಚ್ಚಿ, ಕಹಿ ಹೋಗಲೆಂದು ದಿನವೂ ನೀರು ಬದಲಿಸುತ್ತ ನೆನೆಸಿಟ್ಟು, ಹೆಸರುಕಾಳಿನ ಜೊತೆ ಸಾರು ಮಾಡಿ, ಹಿತ್ತಿಲ ಮೆಟ್ಟಿಲ ಮೇಲೆ ಕೂತು ಮುದ್ದೆ ಮುರಿಯುತ್ತಿದ್ದರು. ಆಗ ಕರೆದರೂ ತಿರುಗಿ ನೋಡುತ್ತಿರಲಿಲ್ಲ. ಹೇಳಿದೆ.

"ಕಳಲೆ ಸಾರಾ?" ಎಂದರು ಮಾಮು. "ನಮ್ಮನೇಲಿ ನಾನು ನೋಡೇ ಇಲ್ವಲ್ಲ..."

ಹೇಗೆ ನೋಡುತ್ತಾರೆ? ಮದುವೆಯಾದ ಮೇಲೆ ಒಂದು ಮಳೆಗಾಲವನ್ನೂ ಅವರು ಹೆಂಡತಿಯ ಜೊತೆ ಹುಣಸೂರಿನಲ್ಲಿ ಕಳೆದವರಲ್ಲ. ಅಷ್ಟು ಜನರ ಹಸಿವು ತಿಳಿದಿದ್ದ ಮನುಷ್ಯನಿಗೆ ಸ್ವಂತ ಹೆಂಡತಿಯ ರುಚಿ ಪಕ್ಕದ ಮನೆಯವಳು ಹೇಳಬೇಕಾಯಿತಲ್ಲ ಎನ್ನಿಸಿ ಸಂಕಟವಾಯಿತು.

ಅದು ಬಿಸಿಲು ಏರುತ್ತಿದ್ದ ಕಾಲ, ಕಳಲೆ ಎಲ್ಲಿಂದ ಬರಬೇಕು? ನಲವತ್ತಕ್ಕೆ ಕಂಪನಿ ದಮ್ಮೇ ಆಯಿತು. ಜನ ಹೊಗಳಿ ಹೊಗಳಿ ಉಂಡರು. ಮುಮಾನಿಯ ಹೆಸರಿನ ತಟ್ಟೆಗೆ ಯಾರೋ ಅದನ್ನು ಬಡಿಸಲು ಬಂದಾಗ ಮಾತ್ರ ಮಾಮು ಕೈ ಅಡ್ಡ ಹಿಡಿದರು. ಆ ತಟ್ಟೆಯಲ್ಲಿ ಖರ್ಜೂರವನ್ನೂ ಒಂದು ಲೋಟ ನೀರನ್ನೂ ಇಟ್ಟು ಫಾತಿಹಾ ಓದಿಸಿದರು. ಅದೇ ಕೊನೆ. ಆಮೇಲೆ ಅವರು ದಮ್ ಮಾಡಲಿಲ್ಲ.

ಮುಂಗಾರು ಶುರುವಾದ ಮೇಲೆ ಒಂದು ದಿನ ಹೆಗ್ಗಡದೇವನಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸು ಬದಲಿಸಿ, ಅಂತರಸಂತೆಯ ಸಂತೆಗೆ ಹೋಗಿ, ನೆಂದು ತೊಪ್ಪೆಯಾಗಿ ಕಳಲೆ ತಂದರು. ನನ್ನ ಕೈಲಿ ಹೇಳಿಸಿಕೊಂಡು ಹೆಚ್ಚಿದರು, ನೆನೆಸಿದರು, ನೀರು ಬದಲಿಸಿದರು. ನಾನು ಮುದ್ದೆ ಮಾಡಿಕೊಟ್ಟೆ. ಸಾರಿಗೆ ಅವರು ತೆಗೆದುಕೊಂಡದ್ದು ಮುಮಾನಿಯ ಪುಟ್ಟ ಪಾತ್ರೆ. ಒಬ್ಬರಿಗೆ ಆಗುವಷ್ಟು, ಉಪ್ಪು ಹುಳಿ ಎಲ್ಲ ಹದವಾಗಿತ್ತು. ಬೀದಿಯವರನ್ನು ಕರೆಯಲಿಲ್ಲ. ಹಿತ್ತಿಲ ಮೆಟ್ಟಿಲ ಮೇಲೆ ಕೂತು, ತಲೆ ಎತ್ತದೆ, ಪೂರ್ತಿ ಉಂಡರು.

"ಇಷ್ಟ ಆಯ್ತಾ ಮಾಮು?" ಎಂದು ಕೇಳಿದೆ.

"ಗೊತ್ತಿಲ್ಲ ಬೇಟಿ... ಅವಳಿಗೆ ಇಷ್ಟ ಇತ್ತಲ್ಲ," ಎಂದರು. ತಟ್ಟೆಯಲ್ಲೇ ಕೈ ತೊಳೆದು ಒಳಗೆ ಹೋದರು.

ಅದಾಗಿ ಒಂದೆರಡು ವರ್ಷ ಇದ್ದರು. ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ, ಹಿತ್ತಿಲಿಗೆ ಸಿಮೆಂಟು ಹಾಕಿಸಿ ಕಾರು ನಿಲ್ಲಿಸುತ್ತಾರೆ. ಎಮ್ಮೆ ಮಾಂಸವೂ ಊರಿನಲ್ಲಿ ಮೊದಲಿನ ಹಾಗೆ ಸಿಗುವುದಿಲ್ಲ. ಶುಕ್ರವಾರ ಯಾರ ಮನೆಯ ಊಟ ಯಾರಿಗೂ ಗೊತ್ತಾಗದ ಹಾಗೆ ನಮ್ಮ ನಮ್ಮ ಬಾಗಿಲು ಹಾಕಿಕೊಂಡು ಉಣ್ಣುತ್ತೇವೆ.

ಮಾಮುವಿನ ನಲವತ್ತಕ್ಕೆ ಹತ್ತಿರದವರು ಯಾರೂ ಇಲ್ಲವೆಂದು ಬೀದಿಯವರೇ ಸೇರಿದೆವು. ಅವರಿಗೆ ಏನು ಪ್ರಿಯ, ನೀವೇ ಹೇಳಿ ಎಂದು ಎಲ್ಲರೂ ನನ್ನ ಮುಖ ನೋಡಿದರು. ಕಂಪನಿ ದಮ್ ಎನ್ನಲು ಬಾಯಿ ತೆರೆದವಳು ಹಾಗೇ ನಿಂತೆ. ಅಷ್ಟು ಶುಕ್ರವಾರಗಳಲ್ಲಿ ಅವರು ಬಡಿಸಿದ್ದನ್ನು ಕಂಡಿದ್ದೆ, ಲಗನ್ ಬಳಿದದ್ದನ್ನು ಕಂಡಿದ್ದೆ. ಕೂತು ಅದನ್ನು ಉಂಡದ್ದನ್ನು ನಾನು ನೋಡಿರಲಿಲ್ಲ. ಬೇರೆ ಯಾರೂ ನೋಡಿರಲಿಲ್ಲ. ಕೊನೆಗೆ ಎಲ್ಲರೂ ಮಾಡಿಸುವಂತೆ ಬಿರಿಯಾನಿ ಮಾಡಿಸಿದೆವು.

ಅವರಿಗೆ ಏನು ಇಷ್ಟವಿತ್ತೆಂದು ತಿಳಿದಿದ್ದವರು ಒಬ್ಬರೇ. ಚಳಿಗಾಲದ ಆ ರಜೆಗಳಲ್ಲಿ ಬಾಗಿಲು ಹಾಕಿಕೊಂಡು ಅದನ್ನು ಮಾಡಿ ಬಡಿಸುತ್ತಿದ್ದ ಮುಮಾನಿ.