ಒಂದೇ ಓವರಿನ ಓಂಕಾರೇಶ್

“ಊರ ಟೀಮಿಗೆ ಕೊನೇ ಓವರ್ ನಿನ್ ಕೈಲೇ ಹಾಕಿಸ್ತೀನಿ ಕಣೋ ಓಂಕಾರಿ. ಇದು ನನ್ ಮಾತು.”

ಅಜ್ಜಂಪುರ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು, ಊರಿನ ಕ್ರಿಕೆಟ್ ತಂಡದ ಕ್ಯಾಪ್ಟನ್ ಚನ್ನಬಸಪ್ಪ ಹೀಗೆ ಮಾತು ಕೊಟ್ಟಾಗ ಓಂಕಾರೇಶ್‌ಗೆ ಹತ್ತೊಂಬತ್ತು ವರ್ಷ. ಈಗ ನಲವತ್ತಾರು. ಈ ನಡುವೆ ಅವರು ಕಡೂರಿಗೆ ಆಡಿದರು, ತರೀಕೆರೆಗೆ ಆಡಿದರು, ಹೆಸರೇ ಮರೆತುಹೋದ ಎಷ್ಟೋ ಊರುಗಳಿಗೆ ಆಡಿದರು. ಹುಟ್ಟಿದ ಊರಿಗೆ ಬಾಲ್ ಹಾಕುವ ದಿನಕ್ಕಾಗಿ ಮಾತ್ರ ಕಾದೇ ಕಾದರು.

ಸಖರಾಯಪಟ್ಟಣದ ಹೊರಗಿನ ತೆಂಗಿನ ತೋಟದಲ್ಲಿ ಇನ್ನೂ ಮಂಜು ಬಿಟ್ಟಿಲ್ಲ. ಆಗಲೇ ಓಂಕಾರೇಶ್ ನೆಲಕ್ಕೆ ನೆಟ್ಟ ಕಬ್ಬಿಣದ ಗೂಟದ ಮುಂದೆ ನಿಂತಿದ್ದಾರೆ. ಕಾಯಿ ಎತ್ತಿ ಗೂಟದ ಮೊನೆಗೆ ಕುಕ್ಕುತ್ತಾರೆ, ಎಡಗೈಯಿಂದ ತಿರುವುತ್ತಾರೆ, ಸಿಪ್ಪೆ ಚರ್ರನೆ ಸೀಳುತ್ತದೆ. ಕಡೂರಿನ ಮನೆಯಿಂದ ಮೊದಲ ಬಸ್ಸಿಗೆ ಬಂದು, ಬಿಸಿಲು ಏರುವಷ್ಟರಲ್ಲಿ ಐನೂರು ಕಾಯಿ ಸುಲಿಯಬೇಕು. ಭಾರವೆಲ್ಲ ಎಡಗಡೆಗೇ ಬೀಳುವಂತೆ ಮೈ ವಾಲಿಸಿ ನಿಲ್ಲುವುದು ಅವರ ಪದ್ಧತಿ. ಜೊತೆಯವರು ನಗುತ್ತಾರೆ.

“ಬಲಗೈನ ಬ್ಯಾಂಕಲ್ಲಿ ಇಟ್ಟೌನೆ ಕಣ್ರೀ ಇವ್ನು,” ಎನ್ನುತ್ತಾಳೆ ಸುಲಿದ ಕಾಯಿಗಳನ್ನು ಒಟ್ಟುವ ದ್ಯಾವಮ್ಮ. “ಬಡ್ಡಿ ಬಂದಿದ್ದು ಮಾತ್ರ ಕಾಣೆ.”

ಆ ಬಲ ಭುಜವೇ ಅವರನ್ನು ಬೌಲರ್ ಮಾಡಿದ್ದು, ಅದೇ ಅವರನ್ನು ಒಂದೇ ಓವರಿಗೆ ಕಟ್ಟಿಹಾಕಿದ್ದು. ಚಿಕ್ಕಂದಿನಲ್ಲಿ ಹುಣಸೆ ಮರದಿಂದ ಬಿದ್ದು ಮುರಿದದ್ದು ಸರಿಯಾಗಿ ಕೂಡಲಿಲ್ಲ. ಕೈ ಅರ್ಧ ಸುತ್ತಿನಲ್ಲಿ ಒಮ್ಮೆ ತಡೆದು ಮುಂದೆ ಹೋಗುತ್ತದೆ. ಹಾಗಾಗಿ ಟೆನಿಸ್ ಬಾಲು ಬ್ಯಾಟಿನವನ ಲೆಕ್ಕಕ್ಕಿಂತ ಒಂದು ಗಳಿಗೆ ತಡವಾಗಿ ಬರುತ್ತದೆ. ಅಷ್ಟರಲ್ಲಿ ಅವನು ಬ್ಯಾಟು ಬೀಸಿ ಮುಗಿಸಿರುತ್ತಾನೆ.

“ಒಂದು ಓವರ್ ಹಾಕಿದ್ರೆ ಸರಿ. ಎರಡನೇದು ಹಾಕೋಕೆ ಹೋದ್ರೆ ಕೈ ಮೇಲಕ್ಕೇ ಬರಲ್ಲ,” ಎನ್ನುತ್ತಾರೆ ಓಂಕಾರೇಶ್. “ಅದಕ್ಕೇ ನನ್ನ ಕೊನೇಗೆ ಅಂತ ಎತ್ತಿಡ್ತಿದ್ರು, ಉಪ್ಪಿನಕಾಯಿ ಎತ್ತಿಟ್ಟಂಗೆ.”

ಆ ಕಾಲವೇ ಬೇರೆ. ಸುಗ್ಗಿ ಮುಗಿದು ಹೊಲ ಖಾಲಿಯಾದರೆ ಸಾಕು, ಊರೂರಲ್ಲಿ ಟೂರ್ನಮೆಂಟು. ಗೆರೆಗೆ ಸುಣ್ಣದ ಪುಡಿ, ಮರಕ್ಕೆ ಕಟ್ಟಿದ ಲೌಡ್‌ಸ್ಪೀಕರು, ಶಾಮಿಯಾನದ ಕೆಳಗೆ ಹೊಳೆಯುವ ಕಪ್ಪುಗಳು. ಪ್ರತಿ ತಂಡವೂ ಹೊರಗಿನಿಂದ ಒಬ್ಬಿಬ್ಬರನ್ನು ಕರೆಸುತ್ತಿತ್ತು. ಅವರಿಗೆ ‘ಗೆಸ್ಟು’ ಎಂದು ಹೆಸರು. ಬಸ್ ಚಾರ್ಜು, ಕೈಗೊಂದಿಷ್ಟು ದುಡ್ಡು, ಊಟ. ಬೀರೂರು ಜಂಕ್ಷನ್ನಿನಲ್ಲಿ ಚೀಲ ತಲೆದಿಂಬು ಮಾಡಿಕೊಂಡು ರೈಲಿಗೆ ಕಾಯುವ ಗೆಸ್ಟುಗಳಲ್ಲಿ ಓಂಕಾರೇಶ್ ಒಬ್ಬರು. ಇಡೀ ಪಂದ್ಯ ಬೌಂಡರಿ ಹತ್ತಿರ ನಿಂತು, ಕೊನೆಯ ಓವರಿಗೆ ಕೂಗು ಬಂದಾಗ ಅಂಗಿಗೆ ಕೈ ಒರೆಸಿಕೊಂಡು ನಡೆದು ಬರುತ್ತಿದ್ದರು. ಮೈಕಿನವನು “ಬಂತು ನೋಡಿ ಲಾಸ್ಟ್ ಬಸ್ಸು!” ಎಂದರೆ ಜನ ಸಿಳ್ಳೆ ಹೊಡೆಯುತ್ತಿದ್ದರು.

ಹೆಂಡತಿ ಸಂಗೀತಾ ಅವರಿಗೆ ಆ ಸಿಳ್ಳೆ ಈಗಲೂ ನೆನಪಿದೆ. “ಮದ್ವೆ ಮನೇಲೂ ಇವ್ರು ಕೊನೇ ಪಂಕ್ತೀಗೇ ಕೂರೋದು. ಅಷ್ಟೊತ್ಗೆ ಪಾಯಸ ಖಾಲಿ ಆಗಿರುತ್ತೆ. ಯಾಕ್ರೀ ಅಂದ್ರೆ, ಅಭ್ಯಾಸ ಕಣೇ ಅಂತಾರೆ.”

ಗೆಸ್ಟುಗಳಿಗೆ ಒಂದು ಕಟ್ಟುಪಾಡಿತ್ತು. ಬರೆದಿಟ್ಟದ್ದಲ್ಲ, ಆದರೆ ಯಾರೂ ಮೀರುತ್ತಿರಲಿಲ್ಲ: ಹಿಂದಿನ ಸಂಜೆ ಯಾವ ತಂಡದ ಜೊತೆ ಕೂತು ಉಂಡಿದ್ದಾರೋ, ಮರುದಿನ ಅವರಿಗೇ ಆಡಬೇಕು. ಬೆಳಗಾಗುವಷ್ಟರಲ್ಲಿ ಇನ್ನೊಬ್ಬರು ಹೆಚ್ಚು ದುಡ್ಡು ತೋರಿಸಿ ಎಳೆದುಕೊಂಡು ಹೋಗದಿರಲಿ ಎಂದು ಹುಟ್ಟಿಕೊಂಡ ಪದ್ಧತಿ. ಚನ್ನಬಸಪ್ಪ ಮಾತು ಕೊಟ್ಟ ಮುಂದಿನ ವಾರವೇ ಓಂಕಾರೇಶ್ ಕಡೂರಿನ ತಂಡದ ಜೊತೆ ಊಟಕ್ಕೆ ಕೂತುಬಿಟ್ಟರು. ಆ ಟೂರ್ನಮೆಂಟಿಗೆ ಅಜ್ಜಂಪುರ ಬರುವುದಿಲ್ಲ ಎಂದೇ ಅವರಿಗೆ ಗೊತ್ತಿದ್ದದ್ದು. ಬೆಳಿಗ್ಗೆ ನೋಡಿದರೆ, ಕೊನೆ ಗಳಿಗೆಯಲ್ಲಿ ಹೆಸರು ಕೊಟ್ಟು, ಹುಡುಗರನ್ನು ಬೆಳಗಿನ ಬಸ್ಸಿಗೆ ತುಂಬಿಕೊಂಡು ಚನ್ನಬಸಪ್ಪ ಹಾಜರು.

“ಬಾರೋ ಓಂಕಾರಿ, ಅಂಗಿ ಹಾಕ್ಕೊ.”

“ಉಂಡ್ಬಿಟ್ಟೆ ಅಣ್ಣ.”

“ಏನುಂಡೆ?”

“ಚಿತ್ರಾನ್ನ.”

“ಥೂ ನಿನ್ನ! ಹೋಳಿಗೇನಾದ್ರೂ ಉಂಡಿದ್ರೆ ಮನಸ್ಸಿಗೆ ಸಮಾಧಾನ ಆಗೋದು. ಚಿತ್ರಾನ್ನಕ್ಕೆ ಊರು ಬಿಟ್ಯಲ್ಲೋ!”

ಕೊನೆಯ ಓವರಿನಲ್ಲಿ ಅಜ್ಜಂಪುರಕ್ಕೆ ಬೇಕಿದ್ದದ್ದು ಆರು ರನ್. ಓಂಕಾರೇಶ್ ಕೊಟ್ಟದ್ದು ಮೂರು. ವಾಪಸ್ ಬರುವ ಬಸ್ಸಿನಲ್ಲಿ ಊರಿನ ಹುಡುಗರು ಯಾರೂ ಅವರ ಪಕ್ಕ ಕೂರಲಿಲ್ಲ. ಚನ್ನಬಸಪ್ಪನಿಗೆ ಸಿಟ್ಟಿರಲಿಲ್ಲ, ಊಟದ ಕಟ್ಟು ಅವರಿಗೂ ಗೊತ್ತು. ಆದರೆ ಹುಡುಗರು ಒಪ್ಪಲಿಲ್ಲ. ಮುಂದಿನ ವರ್ಷವೂ ಒಪ್ಪಲಿಲ್ಲ. ಆಮೇಲೆ ಚನ್ನಬಸಪ್ಪ ಗೊಬ್ಬರದಂಗಡಿ ಇಟ್ಟರು, ಕ್ಯಾಪ್ಟನ್ ಬದಲಾದ, ತಂಡವೇ ಚದುರಿಹೋಯಿತು. ಓಂಕಾರೇಶ್ ಮದುವೆಯಾಗಿ ಕಡೂರಿಗೆ ಬಂದರು. ಬಸ್ ಸ್ಟ್ಯಾಂಡಿನಲ್ಲೋ ಅಂತರಘಟ್ಟೆಯ ದಾರಿಯಲ್ಲೋ ಸಿಕ್ಕಾಗಲೆಲ್ಲ ಚನ್ನಬಸಪ್ಪ ಹೇಳುವುದು ಮಾತ್ರ ನಿಲ್ಲಲಿಲ್ಲ: “ಮರ್ತಿಲ್ಲ ಕಣೋ.”

“ಅವ್ರು ಮರೀಲಿಲ್ಲ ಅನ್ನೋದೇ ನಂಗೆ ಕಷ್ಟ ಆಗಿದ್ದು,” ಎನ್ನುತ್ತಾರೆ ಓಂಕಾರೇಶ್, ಕಾಯಿ ಕೆಳಗಿಟ್ಟು. “ಮರ್ತಿದ್ರೆ ನಾನೂ ಮರೀತಿದ್ದೆ. ಊರ ಹೆಸರಿನ ಅಂಗಿ ಹಾಕ್ಕಂಡು ಆರು ಬಾಲು. ಅಷ್ಟೇ ಕಣ್ರೀ ನನ್ನಾಸೆ.”

ಕಳೆದ ತಿಂಗಳು ಅಜ್ಜಂಪುರದಲ್ಲಿ ನಲವತ್ತು ದಾಟಿದವರಿಗೆಂದು ಟೂರ್ನಮೆಂಟು ನಡೆಯಿತು. ಊರ ತಂಡದ ಮ್ಯಾನೇಜರ್ ಚನ್ನಬಸಪ್ಪ. ಅರವತ್ತು ದಾಟಿದ ಮನುಷ್ಯ ಬಸ್ಸು ಹಿಡಿದು ಈ ತೋಟಕ್ಕೇ ಬಂದರು.

“ಭುಜ ಹೆಂಗೈತೋ?”

ಇನ್ನು ಕೈ ಬೀಸಿದರೆ ಕಾಯಿ ಸುಲಿಯುವ ಕೆಲಸಕ್ಕೂ ಕುತ್ತು ಎಂದು ಡಾಕ್ಟರು ಹೇಳಿಯಾಗಿತ್ತು. ಓಂಕಾರೇಶ್ ಅಂದದ್ದು ಇಷ್ಟೇ: “ಒಂದು ಓವರ್ ಐತೆ ಅಣ್ಣ. ಅದಾದ್ಮೇಲೆ ಏನೂ ಇಲ್ಲ.”

ಆ ಒಂದನ್ನು ಫೈನಲಿಗೆ ಉಳಿಸಿಕೊಳ್ಳುವುದು ಎಂದು ತೀರ್ಮಾನವಾಯಿತು. ಹಿಂದಿನ ಸಂಜೆ ಊಟ ಚನ್ನಬಸಪ್ಪನ ಮನೆಯಲ್ಲಿ. ಅವರ ಹೆಂಡತಿ ಗುರುಶಾಂತಮ್ಮ ಹೋಳಿಗೆಗೆ ತುಪ್ಪ ಸುರಿಯುತ್ತಾ, “ಉಣ್ಣಪ್ಪ, ಈ ಸಲನಾದ್ರೂ ಸರಿಯಾದ ಮನೇಲಿ ಕೂತಿದ್ದೀಯ,” ಎಂದರಂತೆ.

ಫೈನಲಿಗೆ ಎದುರಾಳಿ ತರೀಕೆರೆ. ಎಂಟು ಓವರಿನ ಪಂದ್ಯ. ಅಜ್ಜಂಪುರ ಮೊದಲು ಆಡಿ ಎಪ್ಪತ್ತು ಹೊಡೆಯಿತು. ತರೀಕೆರೆಯವರು ಮೊದಮೊದಲು ಜೋರಾಗಿ ಆಡಿದರು. ಆಮೇಲೆ ಮೊಣಕಾಲುಗಳು ಕೈಕೊಟ್ಟವು. ಒಬ್ಬರ ಹಿಂದೊಬ್ಬರು ರನ್ ಔಟ್. ದೂರದಿಂದ ಬಾಲು ಎಸೆದುಕೊಡಲಾಗದ ಓಂಕಾರೇಶ್‌ರನ್ನು ಬ್ಯಾಟಿನವನ ಬೆನ್ನಿನ ಕಡೆ, ಬಾಲು ಬರದ ಮೂಲೆಯಲ್ಲಿ ನಿಲ್ಲಿಸಿದ್ದರು. ಏಳನೇ ಓವರಿನ ಕೊನೆಯ ಬಾಲು ಉಳಿದಿದ್ದಾಗ ತರೀಕೆರೆಗೆ ಇನ್ನೂ ಒಂಬತ್ತು ರನ್ ಬೇಕು. ಕೈಯಲ್ಲಿರುವುದು ಒಂದೇ ವಿಕೆಟ್. ಮುಂದಿನ ಓವರ್ ಓಂಕಾರೇಶ್‌ದು. ಅವರು ಆಗಲೇ ಅಂಗಿಗೆ ಕೈ ಒರೆಸಿಕೊಳ್ಳುತ್ತಿದ್ದರು.

ಏಳನೇ ಓವರ್ ಹಾಕುತ್ತಿದ್ದ ಅಜ್ಜಂಪುರದ ಭಾರ್ಗವನ ಆ ಬಾಲಿಗೆ ತರೀಕೆರೆಯವನು ಕಣ್ಣು ಮುಚ್ಚಿ ಬೀಸಿದ. ಬ್ಯಾಟಿನ ಅಂಚಿಗೆ ತಾಗಿದ ಬಾಲು ನೆಟ್ಟಗೆ ಆಕಾಶಕ್ಕೆ ಹೋಗಿ, ಓಂಕಾರೇಶ್ ನಿಂತಿದ್ದ ಮೂಲೆಯತ್ತಲೇ ಇಳಿಯತೊಡಗಿತು.

“ಹಿಡಿ, ಹಿಡಿ!” ಎಂದು ತಂಡವೆಲ್ಲ ಕೂಗಿತು. ಶಾಮಿಯಾನದಿಂದ ಓಡಿಬಂದ ಚನ್ನಬಸಪ್ಪ ಮಾತ್ರ ಗಂಟಲು ಹರಿಯುವಂತೆ ಕಿರುಚಿದರು: “ಬಿಡೋ! ಓಂಕಾರಿ, ಬಿಡೋ ಅದನ್ನ!”

ಓಂಕಾರೇಶ್ ಎರಡು ಹೆಜ್ಜೆ ಹಿಂದೆ ಸರಿದು, ಎದೆಯ ಹತ್ತಿರ ಎರಡೂ ಕೈ ಜೋಡಿಸಿ, ಹಿಡಿದರು. ಪಂದ್ಯ ಅಲ್ಲಿಗೇ ಮುಗಿಯಿತು. ತಮಟೆಯವರು ಒಳಗೆ ನುಗ್ಗಿದರು. ಹುಡುಗರು ಭಾರ್ಗವನನ್ನು ಹೆಗಲ ಮೇಲೆ ಎತ್ತಿಕೊಂಡರು.

“ಬಿಡೋ ಅಂದ್ನಲ್ಲೋ, ಕೇಳಿಸ್ಲಿಲ್ವಾ?” ಚನ್ನಬಸಪ್ಪನ ಕಣ್ಣು ಒದ್ದೆಯಾಗಿತ್ತು.

“ಕೇಳಿಸ್ತು.”

“ಮತ್ತೆ?”

“ಮಾತು ನಿಮ್ದು ಅಣ್ಣ. ಮ್ಯಾಚು ಊರಿಂದು.”

ತೋಟದಲ್ಲಿ ಬಿಸಿಲು ಏರಿದೆ. ಬೇಜಾರಿಲ್ಲವೇ ಎಂದು ಕೇಳಿದರೆ ಓಂಕಾರೇಶ್ ಇನ್ನೊಂದು ಕಾಯಿ ಸುಲಿದು ಪಕ್ಕಕ್ಕಿಡುತ್ತಾರೆ.

“ಐತೆ ಕಣ್ರೀ. ಇಲ್ಲ ಅಂತ ಯಾಕೆ ಸುಳ್ಳು ಹೇಳ್ಲಿ? ಮಲಗಿದ್ರೆ ಆ ಆರು ಬಾಲು ಒಂದೊಂದಾಗಿ ಹಾಕ್ತಾ ಇರ್ತೀನಿ. ಆದ್ರೆ ಕೈಗೆ ಬಂದಿದ್ದನ್ನ ಬೇಕೂಂತ ಬಿಟ್ಟು, ಆಮೇಲೆ ಅಂಗಿ ಮೇಲೆ ಊರ ಹೆಸರು ಇಟ್ಕಂಡು ಬಾಲ್ ಹಾಕೋಕೆ ನಂಗೆ ಆಗ್ತಿರಲಿಲ್ಲ.”

ಉಳಿಸಿಟ್ಟ ಆ ಒಂದು ಓವರನ್ನೂ ಹಾಕದೆ, ಡಾಕ್ಟರು ಹೇಳಿದಂತೆ ಅವರು ಆಟ ನಿಲ್ಲಿಸಿದ್ದಾರೆ. ಚನ್ನಬಸಪ್ಪ ಕೊಟ್ಟ ಮಾತು ನಡೆಯಲಿಲ್ಲ.