ಹುಲ್ಲು ತುಂಬಿದ ಕರು

ಎಪ್ಪತ್ತರ ದಶಕದಲ್ಲಿ ನಾವು ಮಾರೇನಹಳ್ಳಿಯಲ್ಲಿ ಬಾಡಿಗೆಗಿದ್ದೆವು. ಎರಡು ಕೋಣೆ, ಗೋಡೆಗೆ ಅಂಟಿಕೊಂಡೇ ಮನೆಯೊಡತಿಯ ಕೊಟ್ಟಿಗೆ. ಹೊಲವೆಲ್ಲ ಸೈಟುಗಳಾದ ಮೇಲೆ ಅವರಿಗೆ ಉಳಿದಿದ್ದು ಒಂದು ಹಸು. ನಮಗಿದ್ದದ್ದು ಒಂದು ನಾಯಿ. ಅದನ್ನು ಇಟ್ಟುಕೊಳ್ಳಲು ಅವರ ಮುಂದೆ ನಾನು ಎಷ್ಟು ಹಲ್ಲುಗಿಂಜಿದ್ದೆನೋ ದೇವರಿಗೇ ಗೊತ್ತು. ಅದಕ್ಕೂ ಮೊದಲು ರಾಜಾಜಿನಗರ, ವಿಜಯನಗರ ಅಂತ ಬೀದಿ ಬೀದಿ ಅಲೆದು, ನಾಯಿ ಇದ್ದರೆ ಆಗಲ್ಲ ಅನ್ನಿಸಿಕೊಂಡು ಸಾಕಾಗಿಹೋಗಿತ್ತು.

ಆ ವರ್ಷ ಹಸುವಿನ ಕರು ಸತ್ತಿತು. ಕರು ಕಾಣದೆ ಹಸು ಹಾಲು ಬಿಡುವುದಿಲ್ಲ. ಮನೆಯೊಡತಿಯ ಯಜಮಾನರು ಕರುವಿನ ತೊಗಲು ಸುಲಿಸಿ, ಒಣಗಿಸಿ, ಒಳಗೆ ಹುಲ್ಲು ತುಂಬಿಸಿ ಹೊಲಿಸಿದರು. ಕರೆಯುವ ಹೊತ್ತಿಗೆ ಅದನ್ನು ಮುಂದೆ ನಿಲ್ಲಿಸಿದರೆ ಹಸು ನೆಕ್ಕುತ್ತಾ ನಿಲ್ಲುತ್ತಿತ್ತು, ಪಾಪ. ನೋಡಲಾಗದೆ ನಾನು ಒಳಗೆ ಹೋಗಿಬಿಡುತ್ತಿದ್ದೆ.

ನಮ್ಮ ನಾಯಿಗೆ ಅದರ ಸಂಕಟ ಎಲ್ಲಿ ತಿಳಿಯಬೇಕು? ಒಂದು ಮಧ್ಯಾಹ್ನ ಸರಪಣಿ ಕಳಚಿಕೊಂಡು, ಆ ಕರುವನ್ನು ಎಳೆದು ತಂದು ನಮ್ಮ ಹೊಸ್ತಿಲ ಮುಂದೆಯೇ ಚಿಂದಿ ಮಾಡಿ ಹಾಕಿತು. ಅಂಗಳದ ತುಂಬ ಹುಲ್ಲು. ಸಂಜೆ ಹಸು ಒದ್ದು ಪಾತ್ರೆ ಉರುಳಿಸಿತು. ಮನೆಯೊಡತಿ ಕೂಗಾಡಿದ್ದರೆ ನಾನೂ ನಾಲ್ಕು ಮಾತಾಡುತ್ತಿದ್ದೆ. ಅವರು ಕೂಗಾಡಲಿಲ್ಲ.

"ನಾಯಿ ಬೇಕು ಅಂದ್ರೆ ಬೇರೆ ಮನೆ ನೋಡ್ಕೊಳ್ಳಿ. ಇಲ್ಲೇ ಇರ್ತೀವಿ ಅಂದ್ರೆ ಅದನ್ನ ಎಲ್ಲಾದ್ರೂ ಬಿಟ್ಟು ಬನ್ನಿ," ಅಂದರು.

ಮತ್ತೆ ಮನೆ ಹುಡುಕುವ ತ್ರಾಣ ನನ್ನಲ್ಲಿರಲಿಲ್ಲ. ಭಾನುವಾರ ನಮ್ಮವರು ಕೆಂಗೇರಿಯ ಆಚೆ ಪರಿಚಯದವರೊಬ್ಬರ ತೋಟಕ್ಕೆ ನಾಯಿಯನ್ನು ಕರೆದುಕೊಂಡು ಹೊರಟರು. ಬಸ್ಸಿಗೆ ಹತ್ತಿಸಿಕೊಳ್ಳಲಿಲ್ಲವಂತೆ, ಅಷ್ಟು ದೂರವೂ ನಡೆದೇ ಹೋದರು. ವಾಪಸು ಬಂದವರು ಬರಿಯ ಸರಪಣಿಯನ್ನು ಮೊಳೆಗೆ ತೂಗುಹಾಕಿ ಊಟ ಬೇಡ ಅಂದರು. ನಾನೂ ಉಣ್ಣಲಿಲ್ಲ.

ಹಸು ಮಾತ್ರ ಜಪ್ಪಯ್ಯ ಅಂದರೂ ಹಾಲು ಬಿಡಲಿಲ್ಲ. ಬೇಸತ್ತು ಅದನ್ನು ಮಾರಿಬಿಟ್ಟರು. ಕೊಟ್ಟಿಗೆಗೆ ಗೋಡೆ ಎಬ್ಬಿಸಿ, ಸುಣ್ಣ ಬಳಿದು, ಅದನ್ನೂ ಬಾಡಿಗೆಗೆ ಕೊಟ್ಟರು. ಹೊಸ ಸಂಸಾರ ಸಾಮಾನು ಇಳಿಸುತ್ತಿದ್ದಾಗ ಅವರ ಹಿಂದೆಯೇ ಒಂದು ಕಂದು ನಾಯಿ ಬಾಲ ಅಲ್ಲಾಡಿಸುತ್ತಾ ಒಳಗೆ ಬಂತು. ನಾನು ಮನೆಯೊಡತಿಯ ಮುಖ ನೋಡಿದೆ.

"ಹಸು ಇಲ್ವಲ್ಲಮ್ಮ. ಈಗ ನಾಯಿ ಇದ್ರೆ ಏನಂತೆ?" ಅಂದರು.

ಹೊಟ್ಟೆ ಉರಿದುಹೋಯಿತು. ಆದರೆ ಅವರ ಮಾತಿನಲ್ಲಿ ತಪ್ಪೇನಿತ್ತು? ಮುಂದಿನ ಭಾನುವಾರ ನಮ್ಮವರು ಸರಪಣಿ ಕೈಲಿ ಹಿಡಿದು ಮತ್ತೆ ತೋಟಕ್ಕೆ ಹೋದರು. ನಾಯಿ ಬಂದ ಎರಡೇ ದಿನಕ್ಕೆ ತಪ್ಪಿಸಿಕೊಂಡು ಹೋಯಿತು ಅಂದರಂತೆ ತೋಟದವರು. ನಮ್ಮ ಮನೆಗೇ ಬಂದಿರುತ್ತೆ ಅಂದುಕೊಂಡು ಹೇಳಿಕಳಿಸಲಿಲ್ಲವಂತೆ.